ಕೆರೆದ ಜಾಗದ ಹೆಸರು

ಮಾರ್ಚ್ 6, 2016, ಭಾನುವಾರ

ಯೂನಿವರ್ಸಿಟಿ ಅಸೈನ್‌ಮೆಂಟ್ ಇನ್ನೂ ಅರ್ಧ. ರೋಮನ್ನರ ಮೈಲಿಗಲ್ಲುಗಳು. ದೂರದ ಜೊತೆ ಆಳುವವರ ಹೆಸರನ್ನೂ ಕೆತ್ತಿಸುತ್ತಿದ್ದರಂತೆ. ಒಬ್ಬ ದೊರೆ ಸ್ವಂತ ತಮ್ಮನನ್ನು ಕೊಲ್ಲಿಸಿದ. ಆಮೇಲೆ ಕಲ್ಲುಗಳ ಮೇಲಿದ್ದ ಆ ತಮ್ಮನ ಹೆಸರನ್ನೂ ಕೆರೆಸಿದ. ಪಾಪಿ! ಆದರೆ ಕೆರೆದ ಜಾಗ ತಗ್ಗಾಗಿ ಉಳಿಯಿತು. ಓರೆ ಬೆಳಕು ಬಿಟ್ಟರೆ ಹಳೆಯ ಅಕ್ಷರದ ಬುಡ ಕಾಣುತ್ತದಂತೆ.

ನಾಗೇಂದ್ರ ಇಣುಕಿ, "ಈ ಕಲ್ಲೆಲ್ಲಾ ಓದಿ ಏನ್ ಉದ್ಧಾರ ಆಗ್ತೀಯೇ?" ಅಂದ. ಗಂಡ ಅಂದಮೇಲೆ ಇಷ್ಟಾದರೂ ಅನ್ನದಿದ್ದರೆ ಹೇಗೆ.

ಮಾರ್ಚ್ 13

ನಾವಿರುವ ಥಾರ್ನ್ಲಿ ಬಡಾವಣೆಯಲ್ಲಿ ಕನ್ನಡ ಸಂಘದ ಹಾಲ್. ಬಾಗಿಲ ಪಕ್ಕ ದಾನಿಗಳ ಕಲ್ಲು, 2011ರದು. "ನಾಗೇಂದ್ರ – ಮಾಲವಿಕಾ". ಎರಡು ವರ್ಷದ ಹಿಂದೆ ಮದುವೆಯಾದಾಗ, ಖಾಲಿ ಜಾಗದಲ್ಲಿ ನನ್ನ ಹೆಸರು ಹಾಕಿಸಿದೆ ಅಂದಿದ್ದ. ಎಷ್ಟು ಬೀಗಿದ್ದೆ!

ಇವತ್ತು ಸುಮ್ಮನೆ ಬೆರಳಾಡಿಸಿದೆ. ನನ್ನ ಹೆಸರು ತಗ್ಗಿನಲ್ಲಿದೆ. ಅವನ ಹೆಸರಿರುವ ಜಾಗ ಸಮತಟ್ಟು.

ಖಾಲಿ ಜಾಗವನ್ನು ಯಾರಾದರೂ ಕೆರೆಯುತ್ತಾರಾ?

ಮಾರ್ಚ್ 14

ಕೇಳಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಒಂದು ಕೊಂಕೂ ಇಲ್ಲದೆ ಉಂಡ. ಈಗ ಅದಕ್ಕೂ ಅನುಮಾನ...

ಮಾರ್ಚ್ 19, ಮಧ್ಯಾಹ್ನ 3

ಯುಗಾದಿ ರಿಹರ್ಸಲ್ ಮುಗಿದು ಹಾಲ್ ಖಾಲಿಯಾಗುವವರೆಗೆ ಕಾದೆ. ಫೋನ್ ಟಾರ್ಚ್ ಓರೆಯಾಗಿ ಹಿಡಿದೆ. ನನ್ನ ಹೆಸರಿನ ಅಡಿಯಲ್ಲಿ — ರಂ. ನಡುವೆ ಏನೋ. ಕೊನೆಗೆ ನಿ.

ಸಂಘದ ಹಳಬರು ಉಷಾ ಆಂಟಿ, ಹಿಂದೆಯೇ ನಿಂತಿದ್ದರು.

"ರಂಜನಿ ಯಾರು ಆಂಟಿ?" ಊಹಿಸಿಯೇ ಕೇಳಿದೆ.

"ಅಯ್ಯೋ, ಅವ್ನು ನಿಂಗೆ ಹೇಳೇ ಇಲ್ವಾ? ಅವ್ನನ್ನೇ ಕೇಳಮ್ಮ."

ಮಾರ್ಚ್ 20

ಕೇಳಿಯೇಬಿಟ್ಟೆ. ಟಿವಿ ಆಫ್ ಮಾಡಿದ.

"ಮೊದಲ್ನೇ ಹೆಂಡ್ತಿ. ತೀರ್ಕೊಂಡ್ಲು. ಹೆಸ್ರು ನೋಡಿದ್ರೆ ಸಂಕಟ ಆಗ್ತಿತ್ತು."

ಅತ್ತ. ನಾನೂ ಅತ್ತೆ. ಸಂಶಯದ ಪಿಶಾಚಿ ನಾನು. ನಾಚಿಕೆಯಾಯಿತು.

ಏಪ್ರಿಲ್ 9

ಸಂಘದಲ್ಲಿ ಯುಗಾದಿ ಊಟ. ಉಷಾ ಆಂಟಿಗೆ ಹೇಳಿದೆ, "ತೀರ್ಕೊಂಡವ್ರ ಹೆಸ್ರನ್ನ ಅಳಿಸ್ಬಾರ್ದಿತ್ತು ಆಂಟಿ."

ಒಬ್ಬಟ್ಟು ಅವರ ಕೈಯಲ್ಲೇ ಉಳಿಯಿತು. "ಯಾರೇ ತೀರ್ಕೊಂಡಿದ್ದು? ಅವ್ಳು ಅಡಿಲೇಡಲ್ಲಿ ಡಾಕ್ಟ್ರು. ನಿನ್ನೆ ಹಬ್ಬಕ್ಕೆ ಫೋನ್ ಮಾಡಿದ್ಲು!"

ನಂಬರ್ ಇಸಿದುಕೊಂಡೆ.

ಏಪ್ರಿಲ್ 11, ಬೆಳಿಗ್ಗೆ

ನಾಗೇಂದ್ರ ಜಾಗಿಂಗ್‌ಗೆ ಹೋದ. ಇಲ್ಲಿ ಆರೂವರೆ. ಅಡಿಲೇಡಲ್ಲಿ ಎಂಟು. ಫೋನ್ ಹಚ್ಚಿದೆ. ಹೆಸರು ಹೇಳಿದೆ. ನಾಗೇಂದ್ರನ ಹೆಂಡತಿ ಅಂದೆ.

ಅವಳು ನನ್ನ ಹೆಸರನ್ನು ಇನ್ನೊಮ್ಮೆ ಕೇಳಿದಳು. ಆಮೇಲೆ, "ಹೆಂಡ್ತಿ ಹೇಗಾಗ್ತೀರಿ? ನಮ್ಗಿನ್ನೂ ಡಿವೋರ್ಸೇ ಆಗಿಲ್ವಲ್ಲ."

ಹಾಗಾದರೆ ನಾನು ಯಾರು?

ಬಾಗಿಲ ಸದ್ದು. ಕಟ್ ಮಾಡಿದೆ. "ಇಷ್ಟ್ ಬೇಗ ಯಾರ್ ಫೋನು?"

"ಅಮ್ಮ."

"ಮೈಸೂರಲ್ಲಿ ಇನ್ನೂ ನಾಲ್ಕು ಗಂಟೆ ಅಲ್ವೇನೇ?" ನಗುತ್ತಲೇ ಕೇಳಿದ. ಆ ನಗೆಗೆ ಹೆದರಿದೆ.

ಬಾತ್‌ರೂಮಿನಲ್ಲಿ ಚಿಲಕ ಹಾಕಿ ಬರೆಯುತ್ತಿದ್ದೇನೆ. ಫೋನ್ ಅಡುಗೆಮನೆಯಲ್ಲೇ ಬಿಟ್ಟೆ, ದಡ್ಡಿ. ಅದು ರಿಂಗಾಯಿತು. ಹೊರಗೆ ಅವನ ದನಿ. "ಹಲೋ?" ಎರಡು ಸಲ. ಆಮೇಲೆ ಮೆಲ್ಲಗೆ, "ರಂಜನಿ?"

ಮಾತು ನಿಂತಿತು. ಹೆಜ್ಜೆ ಈ ಕಡೆಗೇ...