ಎರಡನೆಯ ಬ್ರೇಕು

೧೧ ಮಾರ್ಚ್, ಮಂಗಳವಾರ
ಡ್ರೈವಿಂಗ್ ಸ್ಕೂಲಿನ ಮೇಜಿನಿಂದ, ಬೆಳಗ್ಗೆ

ನನ್ನ ಪ್ರೀತಿಯ ಮರಿಗೆ,

ಅಮ್ಮನ ಅಪ್ಪುಗೆ. ಅಪ್ಪ, ನಾನು ಇಬ್ಬರೂ ಚೆನ್ನಾಗಿದ್ದೇವೆ. ನೀನೂ ಹೊತ್ತುಹೊತ್ತಿಗೆ ಉಂಡುಕೊಂಡು ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. "ಊರವರಿಗೆಲ್ಲ ಪಾಠ ಹೇಳೋಕೆ ಅಮ್ಮನಿಗೆ ಪುರುಸೊತ್ತಿದೆ, ಮಗಳಿಗೆ ನಾಲ್ಕು ಸಾಲು ಬರೆಯೋಕಿಲ್ಲ" ಎಂದು ನೀನು ಅಲ್ಲಿ ಗೊಣಗಿದ್ದು ನನಗೆ ಇಲ್ಲಿಗೇ ಕೇಳಿಸಿತು. ತಪ್ಪಾಯಿತು ಕಣೇ. ಕಾಗದ ಬಂದ ದಿನವೇ ಸ್ಕೂಲಿನ ಬೋರ್ಡು ಒರೆಸಲು ಸ್ಟೂಲು ಹತ್ತಿದವಳು, ಇಳಿಯುವಾಗ ನೆಲ ಎಲ್ಲಿದೆ ಎಂದು ನೋಡಲಿಲ್ಲ. ಬಲಗಾಲು ಉಳುಕಿತು. ಈಗ ಊತ ಇಳಿದಿದೆ. ನಡೆಯುತ್ತೇನೆ, ಬೈಯುತ್ತೇನೆ, ಎಲ್ಲ ಮೊದಲಿನಂತೆಯೇ. ಕಾಲು ಉಳುಕಿದರೆ ಕೈಗೇನಾಗಿತ್ತು ಎಂದು ಮಾತ್ರ ಕೇಳಬೇಡ.

ವಿಷಯಕ್ಕೆ ಬರುತ್ತೇನೆ. ಹೆರಿಗೆಯಾದ ತಾಯಂದಿರನ್ನು ಅವರ ಮನೆಗೇ ಹೋಗಿ ನೋಡುವ ನರ್ಸಿನ ಕೆಲಸ ನಿನಗೆ ಸಿಕ್ಕಿದೆ. ಆರು ವರ್ಷ ವಾರ್ಡಿನಲ್ಲಿ ಕಾಲು ಬೀಳುವ ಹಾಗೆ ನಿಂತು, ನೀನೇ ಬಾಯಿಬಿಟ್ಟು ಕೇಳಿ ಪಡೆದ ಕೆಲಸ. ದಿನಕ್ಕೆ ಏಳೆಂಟು ಮನೆ, ಒಂದು ಮೂಡಣಕ್ಕಾದರೆ ಇನ್ನೊಂದು ಪಡುವಣಕ್ಕೆ. ಕಾರು ಓಡಿಸದೆ ಆಗುವುದಿಲ್ಲ. ಇಪ್ಪತ್ತನೇ ತಾರೀಖಿನೊಳಗೆ ಒಪ್ಪಿಗೆ ಕೊಡಬೇಕು. ಆದರೆ ನೀನು ಬರೆದಿದ್ದೀಯ: "ಬೇಡ ಅಂತ ಬರೆದುಕೊಟ್ಟುಬಿಡ್ತೀನಿ ಅಮ್ಮಾ. ಸ್ಟೀರಿಂಗ್ ನೆನೆಸ್ಕೊಂಡ್ರೇ ಅಂಗೈ ಒದ್ದೆಯಾಗುತ್ತೆ. ಅಪ್ಪ ಕೂಗಿದ್ದು ಇನ್ನೂ ಕಿವೀಲಿದೆ."

ಬರೆದುಕೊಡಬೇಡ. ಈ ಕಾಗದವನ್ನು ಕೊನೆಯ ಸಾಲಿನವರೆಗೆ ಓದು, ಆಮೇಲೆ ನಿನ್ನಿಷ್ಟ.

ನನಗೇನು ಮರೆತಿದೆಯೇ? ಒಂಬತ್ತು ವರ್ಷದ ಹಿಂದೆ, ಲೈಸೆನ್ಸ್ ಕೈಗೆ ಬಂದ ಏಳನೇ ದಿನ, ನೀನು ಅಪ್ಪನ ಕಾರಿನಲ್ಲಿ ಅಪ್ಪನನ್ನೇ ಪಕ್ಕ ಕೂರಿಸಿಕೊಂಡು ಹೊರಟೆ. ಬೇಕರಿಯ ತಿರುವಿನಲ್ಲಿ ಕಾರು ನಿಲ್ಲದೆ ಗೋಡೆಗೆ ಹೊಡೆಯಿತು. ಅವರ ಮಂಡಿ ಮುರಿಯಿತು. ಬೀದಿಬೀದಿ ಸುತ್ತಿ ಕಾಗದ ಹಂಚುತ್ತಿದ್ದ ಮನುಷ್ಯನನ್ನು ಅಂಚೆ ಕಚೇರಿಯವರು ಸ್ಟಾಂಪಿನ ಕೌಂಟರಿಗೆ ಹಾಕಿದರು. ಆವತ್ತಿನಿಂದ ನೀನು ಸ್ಟೀರಿಂಗ್ ಮುಟ್ಟಿಲ್ಲ. ಎಲ್ಲ ಗೊತ್ತಿದ್ದೇ ಹೇಳುತ್ತಿದ್ದೇನೆ, ನೀನು ಓಡಿಸುತ್ತೀಯ. ಇಪ್ಪತ್ತೆಂಟು ವರ್ಷದಿಂದ ಕಲಿಸುತ್ತಿದ್ದೇನೆ. ಯಾರ ಕೈ ಸ್ಟೀರಿಂಗಿಗೆ ಒಗ್ಗುತ್ತದೆ ಎಂದು ಮೊದಲ ದಿನವೇ ನನಗೆ ತಿಳಿಯುತ್ತದೆ. ನಿನ್ನದು ಒಗ್ಗುವ ಕೈ.

ಕಾರೂ ಸಿಕ್ಕಿದೆ. ಹಲ್ಲಿನ ಡಾಕ್ಟರೊಬ್ಬರು ಎಂಟು ವರ್ಷ ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಓಡಿಸಿದ ಪುಟ್ಟ ಬೂದು ಬಣ್ಣದ ಕಾರು. ನಮ್ಮ ಮೆಕ್ಯಾನಿಕ್ ಮೂಗಣ್ಣ ನಿನಗೆ ನೆನಪಿರಬೇಕಲ್ಲ, ಗಾಡಿಯ ರೋಗವನ್ನು ವಾಸನೆಯಿಂದಲೇ ಹೇಳುವವನು. ಬಾನೆಟ್ಟಿನೊಳಗೆ ತಲೆ ತೂರಿಸಿ, ಆಮೇಲೆ ಸೀಟಿನ ಕೆಳಗೂ ಮೂಗು ಆಡಿಸಿ ಬಂದ. "ಅಕ್ಕಾ, ಕ್ಲಚ್ ಸುಟ್ಟಿಲ್ಲ, ಕೂಲಂಟ್ ಸೋರಿಲ್ಲ. ಆದ್ರೆ ಡಾಕ್ಟ್ರು ಇದ್ರಲ್ಲಿ ಕಿತ್ತಳೆ ಹಣ್ಣು ಮರೆತಿದ್ದಾರೆ" ಎಂದ. ನಿಜಕ್ಕೂ ಒಣಗಿ ಗೋಲಿಯಂತಾದ ಕಿತ್ತಳೆ ಸೀಟಿನಡಿ ಸಿಕ್ಕಿತು! ನಗಬೇಡ. ಅದೇ ಹಣ್ಣು ಉರುಳಿಕೊಂಡು ಬಂದು ಬ್ರೇಕ್ ಪೆಡಲಿನ ಕೆಳಗೆ ಕೂತಿದ್ದರೆ? ಅದಕ್ಕೇ ಹೇಳುವುದು, ಕಾಲ ಬಳಿ ಬಾಟಲಿ, ಚೀಲ, ಕೊಡೆ ಏನೂ ಇಡಬೇಡ. ಮೂಗಣ್ಣ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ವೈಪರಿನ ರಬ್ಬರ್, ಮುಂದಿನ ಎರಡು ಟೈರು ಹೊಸದು ಹಾಕಿದ್ದಾನೆ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಹಾಕಿಸಿದ್ದೇನೆ.

ಇನ್ನು ನನ್ನ ಪುರಾಣ. ಕೇಳಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಕೂತ ಕೂಡಲೇ ಕೀಲಿ ತಿರುಗಿಸಬೇಡ. ಮೊದಲು ಸೀಟು ಸರಿಮಾಡಿಕೋ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಆಮೇಲೆ ಮೂರು ಕನ್ನಡಿ, ಆಮೇಲೆ ಬೆಲ್ಟು. ಬೆಲ್ಟು ಹಾಕದವರನ್ನು, ಹಿಂದೆ ಕೂತವರಾದರೂ ಸರಿ, ಮುಲಾಜಿಲ್ಲದೆ ಇಳಿಸು. ನಾನಾದರೂ ಇಳಿಸು. ಹೊರಟ ಮೇಲೆ ಹತ್ತು ಮಾರು ಹೋಗಿ ಒಮ್ಮೆ ಬ್ರೇಕ್ ಒತ್ತಿ ನೋಡಿಕೋ.

ವಾರಕ್ಕೊಮ್ಮೆ ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತು. ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡು. ಎರಡು ಗೆರೆಯ ನಡುವೆ ಇದ್ದರೆ ಸಾಕು. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದ್ದರೆ ಮೇಲಿಂದ ಸುರಿದು ಸುಮ್ಮನಾಗಬೇಡ, ಪ್ಯಾಡ್ ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ, ಮೆಕ್ಯಾನಿಕ್ಕಿಗೆ ತೋರಿಸು. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನಂತೂ ಯಾರು ಹೇಳಿದರೂ ತೆರೆಯಬೇಡ. ನನ್ನ ಹತ್ತಿರ ಕಲಿಯಲು ಬಂದಿದ್ದ ಅಡುಗೆಯವನೊಬ್ಬ "ದಿನಾ ಕುಕ್ಕರ್ ತೆಗೀತೀನಿ ಮೇಡಂ, ಇದೇನು ಮಹಾ" ಎಂದು ತೆರೆಯಲು ಹೋಗಿ ಎರಡು ವಾರ ಕೈಗೆ ಮುಲಾಮು ಹಚ್ಚಿಕೊಂಡು ಕೂತಿದ್ದ.

ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ. ಎಷ್ಟು ಹಾಕಬೇಕೆಂದು ನಿನ್ನ ಬಾಗಿಲ ಪಕ್ಕದ ಚೀಟಿಯಲ್ಲೇ ಬರೆದಿದೆ. ಗಾಳಿ ಹಾಕುವವನ ಅಂದಾಜು ಬೇಡ. ಸ್ಟೆಪ್ನಿಯನ್ನು ಮರೆಯಬೇಡ. ಅದು ಮನೆಯ ಹಳೇ ಸೋದರತ್ತೆ ಇದ್ದ ಹಾಗೆ, ವರ್ಷಗಟ್ಟಲೆ ಯಾರೂ ಮಾತಾಡಿಸುವುದಿಲ್ಲ, ಕಷ್ಟ ಬಂದಾಗ ಎಲ್ಲರೂ ಅವಳ ಹತ್ತಿರವೇ ಓಡುತ್ತಾರೆ.

ರಸ್ತೆಯಲ್ಲಿ ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನಿಧಾನವಾಗಿ ಮೂರು ಎಣಿಸು. ಆಮೇಲೆ ನೀನು ಆ ಕಂಬ ದಾಟಬೇಕು. ಮಳೆಯಿದ್ದರೆ ಆರು. ಹಿಂದಿನವರು ಹಾರನ್ ಹೊಡೆದರೆ ಹೊಡೆದುಕೊಳ್ಳಲಿ, ಅವರಪ್ಪನ ರಸ್ತೆಯೇನಲ್ಲ. ಫೋನು ಬ್ಯಾಗಿನಲ್ಲಿ, ಬ್ಯಾಗು ಡಿಕ್ಕಿಯಲ್ಲಿ. ಮಗು ಹಾಲು ಕುಡಿಯುತ್ತಿಲ್ಲ ಎಂದು ಯಾವ ತಾಯಿ ಎಷ್ಟು ಸಲ ಕರೆದರೂ ಸರಿ, ನೀನು ಕ್ಷೇಮವಾಗಿ ತಲುಪಿದರೆ ತಾನೇ ಆ ಮಗುವನ್ನು ನೋಡುವುದು? ತೀರಾ ಅವಸರವೆನಿಸಿದರೆ ಪಕ್ಕಕ್ಕೆ ನಿಲ್ಲಿಸಿ ಮಾತಾಡು.

ಇಲ್ಲಿಯ ಸುದ್ದಿ ಒಂದಿದೆ. ಎದುರು ಸಾಲಿನ ಟೈಲರ್ ಐವತ್ತೆಂಟನೇ ವಯಸ್ಸಿನಲ್ಲಿ ಕಾರು ಕಲಿಯಲು ಬಂದರು. ಮೊದಲ ವಾರ ಕ್ಲಚ್ಚನ್ನು ಹೊಲಿಗೆ ಮಿಷನ್ನಿನಂತೆ ಟಕಟಕ ತುಳಿದು ನನ್ನ ಸೊಂಟ ಮುರಿದರು. "ಇದು ರವಿಕೆ ಅಲ್ಲ ಸಾರ್, ಗೇರು" ಎಂದು ನಾನು ಕೂಗಿದ್ದೇ ಕೂಗಿದ್ದು. ಆದರೂ ನಲವತ್ತು ಪಾಠ ಮುಗಿಯುವ ಹೊತ್ತಿಗೆ ಬೆಣ್ಣೆಯಂತೆ ಓಡಿಸುತ್ತಿದ್ದರು. ಪರೀಕ್ಷೆಗೆ ಒಂದು ವಾರವಿತ್ತು. ನನ್ನ ಕಾಲು ಉಳುಕಿದ ಮರುದಿನ, ಬ್ಯಾಂಡೇಜು ಕಟ್ಟಿಕೊಂಡೇ ಪಾಠಕ್ಕೆ ಹೋದೆ. ಬೇರೆ ಯಾರಾದರೂ ಹಾಗೆ ಹೋಗಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ಸಸಿ ಮಾರುವವರ ಅಂಗಡಿಯ ತಿರುವಿನಲ್ಲಿ ಟೈಲರ್ ಬ್ರೇಕನ್ನೇ ಒತ್ತಲಿಲ್ಲ. ಕಲಿಸುವವರಿಗೆಂದು ಸ್ಕೂಲಿನ ಕಾರಿನಲ್ಲಿ ನನ್ನ ಕಡೆಗೂ ಇರುವ ಬ್ರೇಕಿಗೆ ನನ್ನ ಕಾಲು ಏಳಲಿಲ್ಲ. ಹನ್ನೊಂದು ಹೂಕುಂಡ ಚೂರಾಯಿತು. ಸದ್ಯ, ಯಾರಿಗೂ ಒಂದು ಗೀರೂ ಆಗಲಿಲ್ಲ. ವಯಸ್ಸಾದ ಮನುಷ್ಯ, ಗಾಬರಿಬಿದ್ದರು ಎಂದು ಅಂಗಡಿಯವರಿಗೆ ಹೇಳಿ ಸಮಾಧಾನ ಮಾಡಿ ಬಂದೆ.

ಹದಿನಾರನೇ ತಾರೀಖು ಭಾನುವಾರ ನಾವಿಬ್ಬರೂ ಆ ಕಾರಿನಲ್ಲೇ ನಿನ್ನಲ್ಲಿಗೆ ಬರುತ್ತೇವೆ. ನಿಮ್ಮ ಆಸ್ಪತ್ರೆಯ ಹಿಂದೆ ಖಾಲಿ ರಸ್ತೆ ಇದೆ ಎಂದು ಬರೆದಿದ್ದೆಯಲ್ಲ, ಅಲ್ಲೇ ಶುರುಮಾಡೋಣ. ನಾಲ್ಕು ದಿನ ಇರುತ್ತೇನೆ. ಇಪ್ಪತ್ತಕ್ಕೆ ನೀನು ಒಪ್ಪಿಗೆ ಬರೆಯದಿದ್ದರೆ ನನ್ನ ಹೆಸರು ಬದಲಾಯಿಸು.

ನಿನ್ನ ಕಾಲಿಗೆ ಮುಳ್ಳು ತಾಗದಿರಲಿ, ಟೈರಿಗೆ ಮೊಳೆ ತಾಗದಿರಲಿ. ಹೋದಲ್ಲೆಲ್ಲ ನೆರಳಿರುವ ಕಡೆಯೇ ಕಾರು ನಿಲ್ಲಿಸಲು ಜಾಗ ಸಿಗಲಿ. ನೀನು ಎತ್ತಿಕೊಂಡ ಕೂಸುಗಳೆಲ್ಲ ಗುಂಡುಗುಂಡಗೆ ಬೆಳೆಯಲಿ. ನನ್ನ ಆಯಸ್ಸಿನಲ್ಲಿ ಸ್ವಲ್ಪ ನಿನಗಿರಲಿ, ತಾಯಿ.

ಇತಿ,
ನಿನ್ನ ಅಮ್ಮ

ಇನ್ನೊಂದು ಮಾತು: ಇದು ಮರೆತು ಬಿಟ್ಟದ್ದಲ್ಲ ಮರಿ. ಈ ಒಂದು ಮಾತು ಬರೆಯಲಾಗದೆ ಹನ್ನೆರಡು ದಿನದಲ್ಲಿ ಆರು ಹಾಳೆ ಹರಿದು ಹಾಕಿದ್ದೇನೆ.

ಟೈಲರ್ ಗಾಬರಿಬಿದ್ದಿರಲಿಲ್ಲ. ಕುಂಡಗಳು ಒಡೆದ ಮೇಲೂ ಅವರ ಎರಡೂ ಕೈ ಸ್ಟೀರಿಂಗಿನ ಮೇಲೆ ನಾನು ಹೇಳಿಕೊಟ್ಟ ಜಾಗದಲ್ಲೇ ಇದ್ದವು. ನನ್ನ ಕಡೆ ತಿರುಗಿ, "ಯಾಕೆ ಮೇಡಂ, ಇವತ್ತು ನೀವು ಬ್ರೇಕ್ ಹಾಕ್ಲಿಲ್ಲ?" ಎಂದು ಕೇಳಿದರು. "ನಾನ್ಯಾಕೆ ಹಾಕ್ಲಿ?" ಎಂದೆ. "ತಿರುವು ಬಂದ್ರೆ ದಿನಾ ನೀವೇ ಅಲ್ವಾ ಹಾಕೋದು? ನಾನು ಸ್ಟೀರಿಂಗ್ ತಿರುಗಿಸೋದು, ನೀವು ನಿಧಾನ ಮಾಡೋದು ಅಂತ ತಿಳ್ಕೊಂಡಿದ್ದೆ" ಎಂದರು.

ನನಗೆ ಕೋಪ ನೆತ್ತಿಗೇರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ. ಊತ ಇಳಿದ ಮೇಲೆ ಮೂಗಣ್ಣನಿಗೆ ಹೇಳಿ, ನನ್ನ ಬ್ರೇಕ್ ಒತ್ತಿದಾಗಲೆಲ್ಲ ಬಡಿಯುವ ಹಾಗೆ ಒಂದು ಪುಟ್ಟ ಗಂಟೆ ಕೂರಿಸಿಕೊಂಡೆ. ಮೊದಲ ಪಾಠದಲ್ಲೇ ಅದು ಮೂವತ್ತೊಂದು ಸಲ ಬಡಿಯಿತು. ಮೂವತ್ತೊಂದರಲ್ಲಿ ಒಂದು ಸಲವೂ, ಗಂಟೆ ಬಡಿಯುವವರೆಗೆ, ನಾನು ಒತ್ತಿದ್ದು ನನಗೆ ಗೊತ್ತಾಗಿರಲಿಲ್ಲ.

ಬೇರೆಯವರ ಮಕ್ಕಳಿಗೇ ಮೂವತ್ತೊಂದಾದರೆ, ನನ್ನ ಮಗಳು ಪಕ್ಕದಲ್ಲಿದ್ದಾಗ ನನ್ನ ಕಾಲು ಎಷ್ಟು ಸಲ ಹೋಗಿರಬೇಡ? ಪರೀಕ್ಷೆಯ ದಿನವೂ ಪಕ್ಕದಲ್ಲಿ ನಾನೇ ಇದ್ದೆ. ಬೇಕರಿಯ ತಿರುವಿನಲ್ಲಿ ನೀನು ನನ್ನ ಜೊತೆ ಹತ್ತಾರು ಸಲ ತಿರುಗಿದ್ದೀಯ, ಹತ್ತಾರು ಸಲವೂ ಕಾರು ನಿಧಾನವಾಗಿದೆ. ಅಪ್ಪನ ಕಾರಿನಲ್ಲಿ ಎರಡನೆಯ ಬ್ರೇಕು ಇರಲಿಲ್ಲ.

ಆ ದಿನ ಆಸ್ಪತ್ರೆಯ ವರಾಂಡದಲ್ಲಿ ನೀನು ನನ್ನ ಸೆರಗು ಹಿಡಿದು "ಅಮ್ಮಾ, ಅಲ್ಲಿ ಯಾವಾಗ್ಲೂ ಕಾರು ತಾನೇ ನಿಧಾನ ಆಗ್ತಿತ್ತು" ಎಂದೆ. ನಾನು "ಬಾಯ್ಮುಚ್ಚು, ಗಾಬರೀಲಿ ಏನೇನೋ ಹೇಳ್ಬೇಡ" ಎಂದೆ. ಆಗ ನನಗೆ ಅರ್ಥವಾಗಲಿಲ್ಲ ಎಂದು ಬರೆದರೆ ಅರ್ಧ ಸುಳ್ಳು. ಅರ್ಥಮಾಡಿಕೊಳ್ಳಲು ನಾನು ಹೋಗಲಿಲ್ಲ. ನನ್ನ ಹತ್ತಿರ ಕಲಿತವರು ಎಲ್ಲೂ ಗುದ್ದಿಲ್ಲ ಎಂಬ ಹೆಸರು ನನಗೆ ನಿನ್ನ ಮಾತಿಗಿಂತ ದೊಡ್ಡದಾಗಿತ್ತು. ಒಂಬತ್ತು ವರ್ಷ ಕೇಳಿದವರಿಗೆಲ್ಲ "ಹುಡುಗಿ ಗಾಬರಿಬಿದ್ದಳು" ಎಂದೇ ಹೇಳಿಕೊಂಡು ಬಂದೆ. ನೀನೂ ಅದನ್ನೇ ನಂಬಿದೆ. ನೀನು ಗಾಬರಿಬಿದ್ದಿರಲಿಲ್ಲ ಮಗಳೇ. ನಿನಗೆ ಬ್ರೇಕ್ ಹಾಕಲು ನಾನು ಕಲಿಸಿಯೇ ಇರಲಿಲ್ಲ.

ಈ ಬೆಳಗ್ಗೆ ಕಾಫಿ ಕೊಡುವಾಗ ಅಪ್ಪನಿಗೆ ಎಲ್ಲ ಹೇಳಿದೆ. ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, "ನಂಗೆ ಹೇಳಿ ಹಗುರ ಮಾಡ್ಕೋಬೇಡ. ಅವಳಿಗೆ ಬರಿ, ಇವತ್ತೇ ಬರಿ" ಎಂದರು. ಬಾಗಿಲವರೆಗೆ ಹೋದವರು ಕೋಲು ಊರಿ ನಿಂತು, ನನ್ನ ಕಡೆ ತಿರುಗದೆ ಹೇಳಿದರು: "ಭಾನುವಾರ ನೀನು ಹಿಂದೆ ಕೂತ್ಕೋ. ಅವಳ ಪಕ್ಕ ನಾನು ಕೂರ್ತೀನಿ."