ಐದನೆಯ ಕಂಬ

ಗುರುವಾರ, ನವೆಂಬರ್ ೧೪
ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಹೊಗೆರಾಯ,

ನೀನೂ ಮನೆಯವರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳಲ್ಲಿ ಒಂದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. 'ಇದ್ದೀಯೋ ಹೋದೆಯೋ, ಒಂದು ಗೆರೆ ಗೀಚು ಮಹಾನುಭಾವ' ಎಂದು ಬರೆದಿದ್ದೆಯಲ್ಲ, ಇದ್ದೇನೆ. ಕಣ್ಣು ಮಂಜು, ಕೈ ಸ್ವಲ್ಪ ನಡುಕ. ಬಾಯಿಗೆ ಮಾತ್ರ ಇನ್ನೂ ನಿವೃತ್ತಿ ಆಗಿಲ್ಲ ಎಂದು ನಿನ್ನ ತಂಗಿ, ಅಂದರೆ ನನ್ನ ಹೆಂಡತಿ, ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗುತ್ತಾಳೆ.

ತಡಕ್ಕೆ ಕಾರಣ ಕೇಳಿದರೆ ನಗುತ್ತೀಯ. ನಮ್ಮ ರೈಲು ಎಂಜಿನ್ ಷೆಡ್ ಕಟ್ಟುತ್ತಿದ್ದೇನೆ. ಹಿಂದಿನ ಕೋಣೆಯಲ್ಲಿ, ಹಳೆಯ ಬಾಗಿಲೊಂದನ್ನು ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ. ನಿಜವಾದ ಒಂದು ಮೀಟರಿಗೆ ಇಲ್ಲಿ ಒಂದು ಸೆಂಟಿಮೀಟರು. ಅಂಗಡಿಯಿಂದ ತಂದ ಸಾಮಾನು ಅಂದರೆ ಅಕ್ಕಿಕಾಳಿನಷ್ಟು ದೊಡ್ಡ ಬಲ್ಬುಗಳು ಮತ್ತು ಅಂಟು, ಅಷ್ಟೇ. ಗೋಡೆ ಬೂಟಿನ ಡಬ್ಬದ ರಟ್ಟು. ಒಣಗಿದ ಪೆನ್ನಿನ ಮುಳ್ಳಿನಿಂದ ಒಂದೊಂದೇ ಇಟ್ಟಿಗೆ ಗೀರಿದೆ. ಮಾತ್ರೆ ಪಟ್ಟಿಯ ಬೆಳ್ಳಿ ಹಾಳೆಯನ್ನು ಬಾಚಣಿಗೆಯ ಮೇಲೆ ಒತ್ತಿದರೆ ಥೇಟ್ ತಗಡಿನ ಛಾವಣಿ. ದೀಪದ ಕಂಬ ಖಾಲಿ ರೀಫಿಲ್ಲು, ತಲೆಯ ಮೇಲಿನ ದೀಪದ ಟೋಪಿ ಟಿಚ್ ಬಟನ್ನು. "ನನ್ನ ರವಿಕೆಗೆ ಒಂದು ಬಟನ್ ಉಳಿಸಿದ್ರೆ ಹೇಳಿ, ಇಲ್ದಿದ್ರೆ ಪಿನ್ ಚುಚ್ಕೊಂಡೇ ತಿರುಗ್ತೀನಿ" ಎಂದು ಇವಳು ಗೊಣಗುತ್ತಾಳೆ. ಆದರೂ ರೀಫಿಲ್ಲಿನೊಳಗೆ ಕೂದಲಿನಷ್ಟು ಸಣ್ಣ ತಂತಿ ತೂರಿಸಿಕೊಡುವವಳು ಅವಳೇ. ನನ್ನ ಕೈಗೆ ಅದು ಆಗುವುದಿಲ್ಲ.

ಷೆಡ್ಡನ್ನು ಕೆಡವಿ ಒಂಬತ್ತು ವರ್ಷವಾಯಿತಾದರೂ ಅಡಿಪಾಯ ಹಾಗೇ ಇದೆ. ಟೇಪು ಹಿಡಿದು ಹೋಗಿ ಎರಡು ದಿನ ಅಳೆದು ಬಂದೆ. ಕತ್ತರಿಸಿದ ಹನ್ನೆರಡು ಕಂಬಗಳ ಬುಡ, ನೀರಿನ ಟ್ಯಾಂಕಿನ ಕಲ್ಲುಕಟ್ಟೆ, ನನ್ನ ದೀಪದ ಕೋಣೆಯ ಹೊಸ್ತಿಲು, ಎಲ್ಲ ಸಿಕ್ಕಿತು. ದೀಪಗಳೆಲ್ಲ ನನ್ನ ಸುಪರ್ದಿಯಲ್ಲಿದ್ದವಲ್ಲ, ಅದಕ್ಕೇ ನೀನು ನನಗೆ ಮಿಣುಕ ಎಂದು ಹೆಸರಿಟ್ಟದ್ದು. ಹೊಸ್ತಿಲ ಮೇಲೆ ಸುಮ್ಮನೆ ಸ್ವಲ್ಪ ಹೊತ್ತು ಕುಳಿತು ಬಂದೆ.

ಈಗ ವಿಷಯಕ್ಕೆ ಬರುತ್ತೇನೆ. ಫಿಟ್ಟರನ ಮಗಳು ನೆನಪಿದ್ದಾಳಾ? ಅಪ್ಪ ಸತ್ತಾಗ ಐದು ವರ್ಷದವಳು. ಈಗ ಜಮೀನು ಅಳೆಯುವ ಸರ್ವೇಯರ್. ಆಸ್ಪತ್ರೆಯ ಸಾಲಿನಲ್ಲಿ ಸಿಕ್ಕಾಗ ನಿನ್ನ ತಂಗಿ ಷೆಡ್ಡಿನ ಸುದ್ದಿ ಹೇಳಿಬಿಟ್ಟಿದ್ದಾಳೆ. ಅದೇ ಸಂಜೆ ಫೋನು ಬಂತು. "ಅಂಕಲ್, ಆ ಡ್ರೈವರ್ ದೀಪ ಇರ್ಲಿಲ್ಲ ಅಂದಿದ್ರಂತೆ, ನೀವು ಇತ್ತು ಅಂದಿದ್ರಂತೆ. ಅಮ್ಮ ಸಾಯೋವರೆಗೂ ಆ ಡ್ರೈವರ್‌ನ ಬೈತಾನೇ ಇದ್ರು. ಅಪ್ಪ ಎಲ್ಲಿ ಬಗ್ಗಿದ್ರು, ನೀವು ಎಲ್ಲಿಂದ ನೋಡಿದ್ರಿ, ಒಂದ್ಸಲ ಕಣ್ಣಾರೆ ನೋಡ್ಬೇಕು. ಭಾನುವಾರ ಬರ್ಲಾ?" ಎಂದಳು. ಬಾ ತಾಯಿ ಎಂದೆ.

ಆ ಮುಸ್ಸಂಜೆಯನ್ನು ನಿನಗೆ ನೆನಪಿಸುವ ಅಗತ್ಯವಿಲ್ಲ, ಆದರೂ ಬರೆಯುತ್ತೇನೆ. ನೀನು ಎಂಜಿನ್ನನ್ನು ಹಿಮ್ಮುಖವಾಗಿ ಒಳಗೆ ತರುತ್ತಿದ್ದೆ. ಐದನೆಯ ಕಂಬದ ಬುಡದಲ್ಲಿ, ಹಳಿಯ ಮೇಲೆ ಫಿಟ್ಟರ್ ಬಗ್ಗಿದ್ದ. ಆ ಕಂಬದ ದೀಪ ಇರಲಿಲ್ಲ, ಮನುಷ್ಯ ಕಾಣಲಿಲ್ಲ ಎಂದು ನೀನು ವಿಚಾರಣೆಯಲ್ಲಿ ಹೇಳಿದೆ. ದೀಪ ಉರಿಯುತ್ತಿತ್ತು, ನನ್ನ ಕೋಣೆಯ ಕಿಟಕಿಯಿಂದ ಕಣ್ಣಾರೆ ಕಂಡೆ ಎಂದು ನಾನು ಹೇಳಿದೆ. ವಿಚಾರಣೆ ನಡೆದದ್ದು ದೂರದ ದೊಡ್ಡ ಕಚೇರಿಯಲ್ಲಿ. ಯಾರೂ ಬಂದು ಆ ಕಿಟಕಿಯಲ್ಲಿ ಇಣುಕಲಿಲ್ಲ. ನಿನ್ನ ಕೆಲಸ ಹೋಯಿತು. ಹೊರಗೆ ಜಗಲಿಯ ಮೇಲೆ ನನ್ನ ಹೆಗಲು ಹಿಡಿದು ನೀನು, "ನೀನು ನೋಡಿದೀನಿ ಅಂದ್ಮೇಲೆ ಮುಗೀತು ಬಿಡು. ನನ್ನ ಕಣ್ಣೇ ಕೈ ಕೊಟ್ಟಿರ್ಬೇಕು" ಎಂದೆ. ಅವತ್ತಿನಿಂದ ನೀನು ಒಂದು ಸೈಕಲ್ಲನ್ನೂ ಮುಟ್ಟಿಲ್ಲ. ರಸ್ತೆ ದಾಟುವಾಗ ಮೊಮ್ಮಗಳೇ ನಿನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದು ಹೋದ ಕಾಗದದಲ್ಲಿ ತಮಾಷೆಯಾಗಿ ಬರೆದಿದ್ದೆ. ನನಗೆ ನಗು ಬರಲಿಲ್ಲ.

ಮೊನ್ನೆ ದೀಪದ ಕೋಣೆ ಮುಗಿಯಿತು. ಹಿಂಬದಿಯ ಗೋಡೆ ಕೂರಿಸುವ ಮೊದಲು ಒಂದು ಕಣ್ಣು ಮುಚ್ಚಿ ಒಳಗಿನಿಂದ ಕಿಟಕಿಯಲ್ಲಿ ನೋಡಿದೆ. ಮೂರನೆಯ ಕಂಬ ಕಂಡಿತು, ನಾಲ್ಕನೆಯದು ಕಂಡಿತು. ಐದನೆಯದು ಕಾಣಲಿಲ್ಲ. ನಡುವೆ ನೀರಿನ ಟ್ಯಾಂಕು ನಿಂತಿತ್ತು. ಅಳತೆ ತಪ್ಪಿರಬೇಕೆಂದು ಮತ್ತೆ ಅಲ್ಲಿಗೆ ಹೋಗಿ ಟೇಪು ಹಿಡಿದೆ. ತಪ್ಪಿರಲಿಲ್ಲ. ಆ ಕಿಟಕಿಯಿಂದ ಐದನೆಯ ಕಂಬ ಯಾರಿಗೂ ಯಾವತ್ತೂ ಕಾಣುತ್ತಿರಲಿಲ್ಲ.

ಮುಲಾಮಿನ ಡಬ್ಬಿಯಿಂದ ಮಾಡಿದ ಟ್ಯಾಂಕು ಅದು, ಇನ್ನೂ ಅಂಟು ಹಾಕಿಲ್ಲ. ಒಂದು ಬೆರಳಗಲ ಎಡಕ್ಕೆ ಸರಿಸಿದರೆ ಸಾಕು, ಕಂಬ ಕಾಣುತ್ತದೆ. ನಿಜದಲ್ಲಿ ಅದು ಎರಡು ಹೆಜ್ಜೆ. ನಿನ್ನೆ ಸರಿಸಿದೆ, ಮತ್ತೆ ವಾಪಸು ಇಟ್ಟೆ, ಊಟವಾದ ಮೇಲೆ ಮತ್ತೆ ಸರಿಸಿದೆ. "ಏನ್ರೀ ಅದು, ಟ್ಯಾಂಕಿಗೆ ವಾಕಿಂಗ್ ಮಾಡಿಸ್ತಿದೀರಾ" ಎಂದಳು ಇವಳು. ಆಮೇಲೆ ಬಗ್ಗಿ ನೋಡಿ, "ಹನ್ನೊಂದೇ ಉರೀತಿದೆಯಲ್ಲ, ಐದನೇದು ಬೋಳಾಗಿದೆ" ಎಂದಳು. ಬಲ್ಬು ಸಾಲಲಿಲ್ಲ ಎಂದೆ. ಡಬ್ಬಿಯಲ್ಲಿ ಇನ್ನೂ ಮೂರು ಇದ್ದದ್ದು ಅವಳಿಗೂ ಕಂಡಿತ್ತು. ಸೂಜಿಪೆಟ್ಟಿಗೆ ಮುಚ್ಚಿ ಎದ್ದು ಹೋದಳು. ಆಮೇಲೆ ಆ ಕೋಣೆಗೆ ಕಾಲಿಟ್ಟಿಲ್ಲ.

ಹೊಗೆರಾಯ, ನಾನು ಆ ದೀಪವನ್ನು ನೋಡಿರಲಿಲ್ಲ. ದೀಪ ಇರಲಿಲ್ಲ ಅಂತಾದರೆ ನನ್ನ ತಲೆ ಹೋಗುತ್ತಿತ್ತು. ಹೆದರಿ ಸುಳ್ಳು ಹೇಳಿದೆ. ನಿನ್ನ ಕಣ್ಣು ನಿನಗೆ ಮೋಸ ಮಾಡಿರಲಿಲ್ಲ. ಇಷ್ಟು ಬರೆಯಲು ನನಗೆ ಮೂವತ್ತೊಂದು ವರ್ಷ ಬೇಕಾಯಿತು. ಭಾನುವಾರ ನೀನೂ ಬಾ ಎಂದು ಕರೆಯುವ ಮನಸ್ಸಿದೆ, ನಿನ್ನ ಮುಖ ನೋಡುವ ಧೈರ್ಯ ಇಲ್ಲ.

ತಂಗಿ ನಿನ್ನನ್ನು ಕೇಳಿದ್ದಾಳೆ. ನಿನ್ನ ಹೆಂಡತಿಯ ಮಂಡಿನೋವು ಬೇಗ ಕಡಿಮೆಯಾಗಲಿ. ಮೊಮ್ಮಗಳಿಗೆ ಈ ಮುದುಕನ ಆಶೀರ್ವಾದ ತಲುಪಿಸು. ಅವಳು ಕಂಡದ್ದನ್ನು ಕಂಡೆ ಎಂದು ಹೇಳುವವಳಾಗಿ ಬೆಳೆಯಲಿ.

ನಿನ್ನ
ಮಿಣುಕ

ತಾ.ಕ.: ಕಾಗದ ಮಡಿಸಿ, ಲಕೋಟೆಯೊಳಗೆ ಹಾಕಿ, ಮತ್ತೆ ತೆಗೆದೆ. ಮೇಲೆ ಬರೆದದ್ದು ಅರ್ಧ. ಟ್ಯಾಂಕನ್ನು ಅಳತೆಯ ಜಾಗದಲ್ಲೇ ಇಟ್ಟು ಅಂಟು ಹಾಕಿದೆ, ಈಗ ಅದು ಅಲುಗುವುದಿಲ್ಲ. ಐದನೆಯ ಕಂಬಕ್ಕೆ ಬಲ್ಬು ಹಾಕಿಲ್ಲ, ಹಾಕುವುದೂ ಇಲ್ಲ. ಅವತ್ತೂ ಇರಲಿಲ್ಲ. ಹಿಂದಿನ ದಿನ ನಮ್ಮ ಮನೆಯ ಬಲ್ಬು ಸುಟ್ಟುಹೋಗಿತ್ತು, ಮಗಳಿಗೆ ಪರೀಕ್ಷೆ. ಎರಡು ದಿನದ ಮಾತು ಅಂದುಕೊಂಡು ಐದನೆಯ ಕಂಬದ್ದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದೆ. ಅವತ್ತು ನೀವೆಲ್ಲ ಫಿಟ್ಟರನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದಿರಿ. ನಾನು ಏಣಿ ತಂದು ಹನ್ನೆರಡನೆಯ ಕಂಬದ ಬಲ್ಬು ಬಿಚ್ಚಿ ಐದನೆಯದಕ್ಕೆ ಹಾಕಿದೆ. ಅಧಿಕಾರಿಗಳು ಬಂದಾಗ ಅದು ಚೆನ್ನಾಗಿ ಉರಿಯುತ್ತಿತ್ತು.

ಕೆಲಸ ಹೋದ ಮೇಲೆ ಒಂದು ತಿಂಗಳು ನೀನು ನಮ್ಮ ಮನೆಯಲ್ಲೇ ಉಂಡೆ. ಮೊದಲನೆಯ ದಿನ ತಟ್ಟೆಯ ಮುಂದೆ ಕುಳಿತು ತಲೆಯೆತ್ತಿ ನೋಡಿ, "ನಿಮ್ಮನೇಲಿ ಎಷ್ಟು ಬೆಳಕೋ ಮಿಣುಕ, ಕೂದಲು ಬಿದ್ರೂ ಕಾಣತ್ತೆ" ಎಂದೆ. ನಾನು, "ಇನ್ನೊಂಚೂರು ಬಡಿಸ್ಕೋ" ಎಂದೆ.