ಪಂಕ್ತಿ ಏಳುವ ತನಕ

ಬೈಲಹೊಂಗಲ
ಸೌಮ್ಯ ಸಂವತ್ಸರ, ಕಾರ್ತಿಕ ಶುದ್ಧ ಪಂಚಮಿ, ಬುಧವಾರ
ತಾ. ೧೭ ನವೆಂಬರ ೧೯೦೯

ಚಿ. ಸೌ. ನರ್ಮದೆಗೆ, ಬೈಲಹೊಂಗಲದಿಂದ ನಿನ್ನ ಗಂಡ ವೆಂಕಣ್ಣನ ಆಶೀರ್ವಾದಗಳು.

ನಿನ್ನ ಮೈ ಹೇಗಿದೆ? ದಸರೆಯ ಹೊತ್ತಿಗೆ ಮಾವನವರು ಬರೆದ ಕಾಗದದಲ್ಲಿ ನಿನಗೆ ಸಂಜೆಯಾದರೆ ತಲೆ ಸುತ್ತುತ್ತದೆ ಎಂದು ಇತ್ತು. ಈಗ ಊಟ ಸೇರುತ್ತದೆಯೇ? ಹಾಲು ಬೇಡವೆಂದರೆ ಮಜ್ಜಿಗೆಯನ್ನಾದರೂ ಕುಡಿ. ಅತ್ತೆಯವರ ಮೊಣಕಾಲು, ಮಾವನವರ ಕೆಮ್ಮು ಹೇಗಿವೆಯೋ ತಿಳಿಯಲಿಲ್ಲ. ನಾನು ಕ್ಷೇಮ. ಕ್ಷೇಮ ಎಂದು ಬರೆಯುವುದು ಎಲ್ಲರ ರೂಢಿ, ಆದರೆ ನನಗೆ ನಿಜವಾಗಿಯೂ ಏನೂ ಆಗಿಲ್ಲ. ಹಸಿವೆಯಾಗುತ್ತದೆ, ನಿದ್ದೆ ಬರುತ್ತದೆ, ಮಂದಿ ನಕ್ಕರೆ ನಗುತ್ತೇನೆ. ಆಗಬೇಕಾದ ಇನ್ನೇನೋ ಒಂದು ಆಗುತ್ತಿಲ್ಲ, ಅಷ್ಟೇ. ನೀನು ಮೂರನೇ ಇಯತ್ತೆಯ ತನಕ ಕಲಿತವಳು. ಈ ಕಾಗದವನ್ನು ಯಾರ ಕೈಯಿಂದಲೂ ಓದಿಸಬೇಡ, ನೀನೇ ಓದು. ಅದಕ್ಕೆಂದೇ ಅಕ್ಷರ ಬಿಡಿಸಿ ದೊಡ್ಡದಾಗಿ ಬರೆದಿದ್ದೇನೆ. ತಡವಾದರೂ ಚಿಂತೆಯಿಲ್ಲ.

ಮುಖ್ಯ ಸುದ್ದಿ ಎಂದರೆ ಯಮುನಾಬಾಯಿಯವರ ಖಾನಾವಳಿ ಬಿಟ್ಟೆ. ನೀನು ತವರಿಗೆಂದು ರಾಮದುರ್ಗದ ಗಾಡಿ ಹತ್ತುವಾಗ ಹೇಳಿದ ಮಾತು ಎರಡೇ: "ಆಕಿ ಮನಿ ಅನ್ನ ಇನ್ನ ನನ್ನ ಗಂಟಲದಾಗ ಇಳಿಯೂದಿಲ್ಲ. ಆ ಖಾನಾವಳಿ ಬಿಟ್ಟ ದಿವಸ ಕರೀರಿ, ಬರತೀನಿ." ಎಂಟು ತಿಂಗಳಾಯಿತು. ನನ್ನಂಥ ಸೌಟು ಹಿಡಿದವನಿಗೆ ಬೇರೆ ಯಾವ ಕೆಲಸ ಸಿಕ್ಕೀತು ಎಂದು ನೀನು ಚಿಂತೆ ಮಾಡಿರಬಹುದು. ಸಿಕ್ಕಿದ್ದು ಕರೆವ್ವನ ದಯದಿಂದ. ಸಂಪಗಾಂವದಿಂದ ಖಾನಾವಳಿಗೆ ಮೊಸರು ತರುತ್ತಿದ್ದ ಕರೆವ್ವ, ನಿನಗೆ ನೆನಪಿರಬೇಕು. ಆಕೆಯ ಹೊಲದ ಬದುವಿನ ತಕರಾರಿಗೆ ನಾನೊಂದು ಅರ್ಜಿ ಬರೆದುಕೊಟ್ಟಿದ್ದೆ. ಅದು ಮಾಮಲೇದಾರ ಕಚೇರಿಯ ಅವಲ ಕಾರಕೂನರಾದ, ಎಂದರೆ ಕಾರಕೂನರಿಗೆಲ್ಲ ಹಿರಿಯರಾದ ದಿಗಂಬರರಾಯರ ಕೈಗೆ ಹೋಗಿದೆ. ಅವರು ಎಂಥವರೆಂದರೆ, ಕರೆವ್ವನೇ ಹೇಳುವಂತೆ, ಒಲ್ಲದ ಗಂಡಗ ಮೊಸರಾಗ ಕಲ್ಲು. ಯಾವ ಕಾಗದ ಕೊಟ್ಟರೂ ಒಂದು ಕೊರತೆ ಎತ್ತುತ್ತಾರೆ. ಅಂಥವರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಓದಲಿಕ್ಕೆ ನನಗ ಕಣ್ಣಿಗೆ ಚಾಳೀಸು ಹಾಕಬೇಕಾಗಲಿಲ್ಲ, ಯಾರು ಬರದಾರ?" ಎಂದು ಕೇಳಿದರಂತೆ. ಕರೆವ್ವ, "ನಮ್ಮ ಸಾರಿನ ವೆಂಕಣ್ಣಾರ್ರಿ" ಅಂದಳಂತೆ. ಮುಲ್ಕೀ ಪರೀಕ್ಷೆ ಪಾಸಾದ ನನ್ನ ಹಳೆಯ ಕಾಗದ ಪೆಟ್ಟಿಗೆಯ ತಳದಲ್ಲಿ ಇತ್ತು, ಹುಳ ತಿಂದಿರಲಿಲ್ಲ. ಶ್ರಾವಣದಿಂದ ಪಗಾರವಿಲ್ಲದ ಉಮೇದವಾರನೆಂದು ಕೂತೆ. ಮುಂಜಾನೆ ಖಾನಾವಳಿಯ ಒಲೆ, ಮಧ್ಯಾಹ್ನ ಕಚೇರಿಯ ಚಾಪೆ. ಉಳಿದ ಉಮೇದವಾರರ ಅಕ್ಷರ ಕೋಳಿ ಕೆದರಿದಂತಿತ್ತು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನನ್ನ ಹೆಸರು ಮೇಲಕ್ಕೆ ಬಂತು. ದಸರೆ ಮುಗಿದ ಎರಡನೇ ದಿನ ನಕಲು ಕಾರಕೂನನೆಂದು ಹುಕುಮು ಕೈಗೆ ಬಂತು. ಅಂದೇ ಖಾನಾವಳಿಯ ಕೀಲಿಕೈ ತಿರುಗಿ ಕೊಟ್ಟೆ.

ಕೆಲಸ ಕಷ್ಟದ್ದಲ್ಲ. ಒಂದು ಕಾಗದದಲ್ಲಿ ಇದ್ದದ್ದನ್ನು ಇನ್ನೊಂದು ಕಾಗದದಲ್ಲಿ ಬರೆಯುವುದು. ಇದ್ದದ್ದು ಇದ್ದ ಹಾಗೆ ಬರಬೇಕು, ಒಂದು ಕಾಳು ಉಪ್ಪು ನಮ್ಮದು ಹಾಕುವ ಹಾಗಿಲ್ಲ. ಯಾರ ಮನೆ ಒಡೆಯಿತೋ, ಯಾರ ಬಾವಿಗೆ ಯಾರು ಅಡ್ಡ ಬಂದರೋ, ಬರೆಯುತ್ತ ಹೋಗುತ್ತೇನೆ, ಬರೆದು ಮುಗಿಸಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ನನಗೆ ಇದು ಹಿತವಾಗಿದೆ. ಇಡೀ ದಿನ ನಿಂತು ರೂಢಿಯಾದ ಕಾಲು ಮಡಿಚಿ ಕೂತರೆ ಜೋಮು ಹಿಡಿಯುತ್ತದೆ, ಅದೊಂದೇ ತೊಂದರೆ. ಮೊದಲನೇ ವಾರ ಒಂದು ನಗೆಪಾಟಲಾಯಿತು. ರಾಯರ ಮುಂದೆ ಬಗ್ಗಿ ನಕಲು ಇಟ್ಟವನು, ಎಲೆಗೆ ಬಡಿಸಿ ಹೇಳುವ ಹಾಗೆ, "ಸಾವಕಾಶ ಆಗಲ್ರಿ" ಎಂದುಬಿಟ್ಟೆ. ಇಡೀ ಕಚೇರಿ ನಕ್ಕಿತು. ಈಗ ನನಗೆ ಅಲ್ಲಿಯೂ ಸಾರಿನ ವೆಂಕಣ್ಣ ಎಂದೇ ಹೆಸರು.

ನಮ್ಮ ಕೂಸು ಭಾಗೂ ಹೋದ ದಿನದ ಮಾತನ್ನು ನಾನು ಇಲ್ಲಿಯ ತನಕ ಯಾವ ಕಾಗದದಲ್ಲೂ ಬರೆದಿಲ್ಲ. ಬರೆಯದೆ ನಿನ್ನನ್ನು ಕರೆಯುವುದು ಸರಿಯಲ್ಲ ಎನಿಸುತ್ತದೆ. ಫಾಲ್ಗುಣದ ಬಿಸಿಲು, ಕಂದಾಯದ ಲೆಕ್ಕದ ಜಮಾಬಂದಿಗೆಂದು ನೇಸರಗಿ, ಕಿತ್ತೂರು ಕಡೆಯ ಕುಲಕರ್ಣಿಗಳೆಲ್ಲ ಊರಲ್ಲಿ ಇಳಿದಿದ್ದರು. ಖಾನಾವಳಿಯಲ್ಲಿ ಒಂದರ ಮೇಲೊಂದು ಪಂಕ್ತಿ. ಮಗುವಿಗೆ ಜ್ವರ ಬಂದು ಒಂಬತ್ತು ದಿನವಾಗಿತ್ತು. ಎರಡು ದಿನದಿಂದ ಮುಚ್ಚಿದ್ದ ಕಣ್ಣನ್ನು ಆ ಮಧ್ಯಾಹ್ನ ತೆರೆದು ಅಪ್ಪಾ ಎಂದಳು ಎಂದು ನೀನು ಎದುರು ಮನೆಯ ಮುದಕಪ್ಪನನ್ನು ಓಡಿಸಿದೆ. ಅವನು ಹೊತ್ತಿಗೆ ಸರಿಯಾಗಿ ಖಾನಾವಳಿಗೆ ಬಂದಿದ್ದ. ನಾನು ಮನೆಗೆ ಬಂದದ್ದು ಒಂದು ತಾಸಿನ ಮೇಲೆ. ನೀನು ತಣ್ಣಗಾಗಿದ್ದ ಭಾಗೂನ ಕಾಲು ಒತ್ತುತ್ತ ಕೂತಿದ್ದೆ, ಸಾಕು ಎಂದು ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ. ಯಾಕೆ ತಡವಾಯಿತೆಂದು ಕೇಳಿದ್ದಕ್ಕೆ ಮುದಕಪ್ಪ, "ಪಂಗ್ತಿ ಏಳೂ ತನಕ ಹೊರಗ ಕುಂಡ್ರಬೇಕಾತ್ರೆವ್ವಾ" ಅಂದ. ಖಾನಾವಳಿಯ ಒಡತಿ ಯಮುನಾಬಾಯಿಯೇ ಅವನನ್ನು ತಡೆದರೆಂದು ನೀನು ತಿಳಿದೆ, ಓಣಿಯೂ ತಿಳಿಯಿತು. ಮೂರನೆಯ ದಿನ ಅವರ ಬಾಗಿಲಲ್ಲಿ ನಿಂತು, "ನನ್ನ ಕೂಸು ಕರೀಲಿಕ್ಕೆ ಹತ್ತಿತ್ತು. ನಿಮಗ ನಾಲ್ಕು ಎಲಿ ಅನ್ನ ಹೆಚ್ಚಾತೇನ್ರಿ?" ಎಂದು ಕೇಳಿದೆ. ಅವರು ಕಣಕ ನಾದುತ್ತಿದ್ದ ಕೈ ನಿಲ್ಲಿಸಿ ನಿನ್ನನ್ನು ನೋಡಿದರು, ಒಂದು ಮಾತೂ ಆಡಲಿಲ್ಲ.

ಇದೆಲ್ಲ ಈಗ ಯಾಕೆ ತೆಗೆದೆ ಎಂದರೆ, ಹೋದ ವಾರ ಕಚೇರಿಯಲ್ಲಿ ಒಂದು ಪ್ರಸಂಗವಾಯಿತು. ದಿಗಂಬರರಾಯರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಪಟ್ಟೇವಾಲ ಹಣಮಂತಪ್ಪ ನೆಟ್ಟಗೆ ಒಳಗೆ ಬಂದು, "ರಾಯರ, ಕಿತ್ತೂರಿಂದ ಆಳು ಬಂದೈತ್ರಿ, ನಿಮ್ಮ ಕಾಕಾ ತೀರಿಕೊಂಡ್ರಂತ" ಅಂದ. ರಾಯರು ಎದ್ದರು, ಚಪ್ಪಲಿ ಮೆಟ್ಟಿದರು, ಹೋದರು. ಅರ್ಧ ಬರೆದ ಕಾಗದ ನನ್ನ ಮುಂದೆ ಹಾಗೆಯೇ ಇತ್ತು, ಅದನ್ನು ಯಾರೂ ಚೆಲ್ಲಲಿಲ್ಲ. ಅಡುಗೆಯವರ ರೀತಿ ನಿನಗೆ ಗೊತ್ತು. ಸೂತಕ ಹತ್ತುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಮಡಿಯಲ್ಲಿ ಬಡಿಸುವವನ ಕಿವಿಗೆ ಅವನ ಮನೆಯ ಸಾವು ಬಿತ್ತೆಂದರೆ ಅವನು ಮುಟ್ಟಿದ ಅನ್ನವೆಲ್ಲ ಮೈಲಿಗೆ, ಉಣ್ಣುವವರು ಅರ್ಧಕ್ಕೆ ಏಳಬೇಕು. ಆದ್ದರಿಂದ ಸುದ್ದಿ ತಂದವನು ಬಾಯಿ ಬಿಗಿಹಿಡಿದು ಹೊರಗೆ ಕೂಡುತ್ತಾನೆ, ಪಂಕ್ತಿ ಎದ್ದ ಮೇಲೆ ಹೇಳುತ್ತಾನೆ. ನಮ್ಮ ಅಜ್ಜ ತೀರಿದ ಸುದ್ದಿಯನ್ನು ಅಪ್ಪನಿಗೂ ಹೀಗೆಯೇ ಎರಡು ತಾಸು ತಡೆದು ಹೇಳಿದ್ದರಂತೆ. ಅದನ್ನು ನಮ್ಮಲ್ಲಿ ಯಾರೂ ತಪ್ಪೆನ್ನುವುದಿಲ್ಲ. ರಾಯರು ಹೋದ ಮೇಲೆ ನಾನು ಆ ದಿನ ಒಂದು ಸಾಲೂ ಬರೆಯಲಿಲ್ಲ. ಲೇಖಣಿಕೆಯ ಮಸಿ ಒಣಗಿ, ಸಂಜೆ ಅದನ್ನು ತೊಳೆಯಬೇಕಾಯಿತು.

ಇನ್ನು ಮನೆಯ ಸುದ್ದಿ. ಕಚೇರಿಯ ಹಿಂದಿನ ಓಣಿಯಲ್ಲಿ ಇಂದ್ರವ್ವ ಎಂಬ ಮುದುಕಿಯ ಮನೆಯ ಹಿಂಭಾಗವನ್ನು ಹಿಡಿದಿದ್ದೇನೆ. ಎರಡು ಅಂಕಣ, ಮಣ್ಣಿನ ಮಾಳಿಗೆ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಅಡುಗೆಮನೆಗೆ ಬೆಳಕಿಂಡಿ ಇದೆ, ಹೊಗೆಯಲ್ಲಿ ನಿನ್ನ ಕಣ್ಣು ಉರಿಯುವುದಿಲ್ಲ. ನೆಲವನ್ನು ನಾನೇ ಬಡಿದು ಸಗಣಿಯಿಂದ ಸಾರಿಸಿದೆ. ಇಂದ್ರವ್ವ ಬಾಗಿಲಲ್ಲಿ ನಿಂತು, "ಕಾರಕೂನ್ರ, ನೆಲಾ ಸಾರಸೂ ಗಂಡಸನ್ನ ನಾ ಇವತ್ತs ನೋಡಿದೆ. ನಿಮ್ಮ ಹೇಂತಿ ಪುಣ್ಯಾ ಮಾಡ್ಯಾಳ" ಅಂದಳು. ಒಲೆ ಹೂಡಿದ್ದೇನೆ, ಆದರೆ ಒಬ್ಬನಿಗೆ ಮಾಡುವ ಅಳತೆ ಕೈಗೆ ಬರುವುದಿಲ್ಲ. ಎಷ್ಟು ಹಿಡಿದು ಹಾಕಿದರೂ ಆರು ಮಂದಿಗೆ ಆಗುವಷ್ಟು ಅನ್ನವಾಗುತ್ತದೆ. ಉಳಿದದ್ದನ್ನು ತಿಂದು ಇಂದ್ರವ್ವನ ಆಕಳು ನುಣ್ಣಗಾಗಿದೆ, ನನ್ನನ್ನು ಕಂಡರೆ ಕೂಗುತ್ತದೆ. ಭಾಗೂನ ಅಂಗಿ, ಕುಂಚಿಗೆಗಳನ್ನು ಹಳೆಯ ಮನೆಯಿಂದ ಗಂಟು ಕಟ್ಟಿ ತಂದಿದ್ದೇನೆ. ಗಂಟು ಬಿಚ್ಚಿಲ್ಲ. ಎಲ್ಲಿ ಇಡಬೇಕೆಂದು ತಿಳಿಯದೆ ಮೊದಲು ಗೂಡಿನಲ್ಲಿ ಇಟ್ಟೆ, ಆಮೇಲೆ ಪೆಟ್ಟಿಗೆಯಲ್ಲಿ ಇಟ್ಟೆ, ಮತ್ತೆ ಗೂಡಿಗೆ ತಂದೆ. ನೀನು ಬಂದು ಇಡು. ನನಗೆ ಅದನ್ನು ಮುಟ್ಟಿದರೂ ಏನೂ ಆಗುವುದಿಲ್ಲ, ಅದೇ ನನಗೆ ಹೆದರಿಕೆ.

ಯಮುನಾಬಾಯಿ ಹೊಸ ಮನೆಗೆಂದು ಒಂದು ತಾಮ್ರದ ಹಂಡೆಯನ್ನು ಕೊಡಲು ಬಂದರು. ನಿನಗೆ ಸೇರುವುದಿಲ್ಲವೆಂದು ತೆಗೆದುಕೊಳ್ಳಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಈಗ ಚಚಡಿಯ ಕಡೆಯ ಒಬ್ಬ ಅಡುಗೆಯವನನ್ನು ಇಟ್ಟುಕೊಂಡಿದ್ದಾರೆ, ಅವನ ಕೈ ಉಪ್ಪಿಗೆ ಉದಾರ ಎಂದು ಊರೆಲ್ಲ ಹೇಳುತ್ತಾರೆ. ಆ ಓಣಿಯಿಂದ ನಮ್ಮ ಮನೆ ದೂರ. ನೀನು ನೀರಿಗೆ, ಗುಡಿಗೆ ಎಲ್ಲಿಗೆ ಹೋದರೂ ಆ ಬಾಗಿಲು ದಾಟುವ ಪ್ರಸಂಗ ಬರುವುದಿಲ್ಲ. ಅದನ್ನು ನೋಡಿಯೇ ಈ ಮನೆ ಹಿಡಿದೆ.

ತುಳಸೀ ಲಗ್ನ ಮುಗಿದ ಮಾರನೆಯ ದಿನ, ಗುರುವಾರ, ಬಸಲಿಂಗಪ್ಪನ ಗಾಡಿ ನಿಮ್ಮ ಮನೆಯ ಮುಂದೆ ಬರುತ್ತದೆ. ಸವದತ್ತಿಯಲ್ಲಿ ಒಂದು ವಸ್ತಿ ಮಾಡಿದರೆ ಎತ್ತುಗಳಿಗೂ ನಿನಗೂ ದಣಿವಾಗದು. ಗಾಡಿಗೆ ತಟ್ಟಿಯ ಮಾಡು ಕಟ್ಟಿಸಿದ್ದೇನೆ, ಒಳಗೆ ಹುಲ್ಲು ಹಾಕಿಸಿದ್ದೇನೆ. ಸಾಮಾನು ಏನೂ ತರಬೇಡ, ಎಲ್ಲ ಇಲ್ಲಿ ಕೂಡಿಸಿದ್ದೇನೆ. ನೀನು ಬಂದರೆ ಮನೆಯಾಗುತ್ತದೆ. ಇಲ್ಲವಾದರೆ ನಾನು ಎರಡು ಅಂಕಣದಲ್ಲಿ ಬಾಡಿಗೆಗೆ ಇರುವ ಒಬ್ಬ ಕಾರಕೂನ.

ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ, ಕುಲದೇವರು ನಿನ್ನ ಮೈಯನ್ನೂ ಮನಸ್ಸನ್ನೂ ಕಾಯಲಿ.

ಇತಿ ನಿನ್ನ,
ವೆಂಕಣ್ಣ

ತಾ. ಕ. — ಟಪಾಲು ಹೊರಡುವ ಹೊತ್ತಾಯಿತು. ಕಾಗದ ಮಡಿಚಿ, ಮತ್ತೆ ಬಿಚ್ಚಿದ್ದೇನೆ. ಮುದಕಪ್ಪನನ್ನು ಹೊರಗೆ ಕೂಡಿಸಿದ್ದು ಯಮುನಾಬಾಯಿ ಅಲ್ಲ, ನಾನು. ಕಡೆಯ ಪಂಕ್ತಿಗೆ ಅನ್ನ ಬಡಿಸುವಾಗ ಅವನು ಹಿತ್ತಲ ಬಾಗಿಲಲ್ಲಿ ಕಂಡ. ಬಿಸಿಲಿಗೆ ಬೆವತು ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ಸಾವಿನ ಸುದ್ದಿ ತರುವವರು ಹಾಗೆ ಬರಿದಲೆಯಲ್ಲಿ ಬರುತ್ತಾರಲ್ಲ, ಮುಗಿಯಿತು ಎಂದುಕೊಂಡೆ. ಅವನು ಬಾಯಿ ತೆರೆದ. ನಾನು ಸೌಟು ಹಿಡಿದ ಕೈಯನ್ನೇ ಎತ್ತಿ, ಮಾತಾಡಬೇಡ, ಅಲ್ಲಿ ಕೂಡು ಎಂದು ಸನ್ನೆ ಮಾಡಿದೆ. ಹೋದವಳು ಹೋದಳು, ಇಷ್ಟು ಮಂದಿಯ ಅನ್ನ ಯಾಕೆ ಕೆಡಿಸಲಿ ಎಂದುಕೊಂಡೆ. ಸಾರು ಬಡಿಸಿದೆ, ಎರಡನೇ ಸಲ ಅನ್ನ ಬಡಿಸಿದೆ, ಮಜ್ಜಿಗೆ ಬಡಿಸಿದೆ. ಯಾರೋ ಉಪ್ಪು ಕೇಳಿದರು, ಕೊಟ್ಟೆ. ಎಲ್ಲರೂ ಕೈ ತೊಳೆದ ಮೇಲೆ ಹೋಗಿ, ಯಾವಾಗ ಹೋದಳು ಎಂದು ಕೇಳಿದೆ. "ಎಲ್ಲಿಗ್ರೀ?" ಅಂದ ಮುದಕಪ್ಪ. "ಕೂಸು ಕಣ್ಣ ತೆರದೈತ್ರಿ, ನಿಮ್ಮನ್ನ ಕರಿಯಾಕ ಹತ್ತೈತಿ."

ಯಮುನಾಬಾಯಿ ನನ್ನ ಕೈ ನೋಡಿದ್ದರು. ನೀನು ಅವರನ್ನು ಕೇಳುವಾಗ ನಾನು ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ, ಸುಮ್ಮನಿದ್ದೆ. ಕೀಲಿಕೈ ಕೊಟ್ಟ ದಿನ ಅವರು, "ನೀ ಹೇಳೂ ತನಕ ನಾ ಹೇಳೂದಿಲ್ಲೋ ವೆಂಕಣ್ಣಾ" ಅಂದರು. ಈಗ ಹೇಳಿದ್ದೇನೆ. ಗಾಡಿ ಗುರುವಾರ ಬರುತ್ತದೆ. ಹತ್ತುವುದು ಬಿಡುವುದು ನಿನ್ನ ಮನಸ್ಸು. ಹತ್ತದಿದ್ದರೆ ಕಾಗದ ಬರೆಯಬೇಡ, ಬರಿ ಗಾಡಿಯನ್ನು ತಿರುಗಿಸಿ ಕಳಿಸು, ನನಗೆ ತಿಳಿಯುತ್ತದೆ.